ನಡುವಿಗೊಂದು ಕುಡಗೋಲು

ನಮ್ಮ ಸಿರುಗುಪ್ಪ ಸೀಮೆಯಲ್ಲಿ ಅರಿಸಿಣ ಹಚ್ಚಿದ ಗಳಿಗೆಯಿಂದ ಮದುಮಗನ ಕೈಗೆ ಒಂದು ಕಠಾರಿ ಬರುತ್ತದೆ. ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ. ಮದುವೆ ಮುಗಿಯುವ ತನಕ ಅದು ಅವನ ಜೊತೆಗೇ ಇರಬೇಕು. ಹುಡುಗ ಟ್ರ್ಯಾಕ್ಟರ್ ಹೊಡೆಯುವವನಾಗಿರಲಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನಾಗಿರಲಿ, ಕಠಾರಿ ಕೈಗೆ ಬಂದ ಕೂಡಲೇ ಅವನು ನಿಲ್ಲುವ ರೀತಿಯೇ ಬದಲಾಗುತ್ತದೆ. ಮುಂದೆ ಅದೇ ಮನೆಯಲ್ಲಿ ಕೂಸು ಹುಟ್ಟಿದರೆ ತೊಟ್ಟಿಲಲ್ಲಿ, ತಲೆಯ ಬದಿಗೆ, ಅಡಕೊತ್ತೋ ಸಣ್ಣ ಚಾಕುವೋ ಇಡುತ್ತಾರೆ. ಬಾಣಂತಿ ಹೊತ್ತು ಮುಳುಗಿದ ಮೇಲೆ ಹೊರಗೆ ಕಾಲಿಟ್ಟರೆ ಕೈಯಲ್ಲಿ ಕಬ್ಬಿಣ ಇರಲೇಬೇಕು. ವೀರಭದ್ರನ ಪುರವಂತರು ಶಸ್ತ್ರ ಹಿಡಿದೇ ಒಡಪು ಹೇಳುತ್ತಾರೆ. ದೇವಾಂಗದವರು ಚೌಡೇಶ್ವರಿಗೆ ಅಲಗು ಸೇವೆ ಮಾಡುತ್ತಾರೆ. ಹುಟ್ಟು, ಮದುವೆ, ದೇವರು ಎಲ್ಲ ಕಡೆಯೂ ಅಲಗು ಇದೆ. ಆದರೂ ಯಾರಾದರೂ ಚಾಕು ಇಟ್ಟುಕೊಂಡು ಓಡಾಡುತ್ತಾರೆ, ಕೂಡಿಡುತ್ತಾರೆ ಎಂದರೆ ನಮ್ಮ ಹುಬ್ಬು ಮೇಲೇರುತ್ತದೆ.

ನಾನು ಕೆಂಚನಗುಡ್ಡದವಳು. ತುಂಗಭದ್ರೆಯ ದಂಡೆ, ವಸುಧೇಂದ್ರ ತೀರ್ಥರ ಬೃಂದಾವನ, ಹಳೇ ಕೋಟೆಯ ಪಾಳುಗೋಡೆ, ಸುತ್ತ ಕಣ್ಣು ಹಾಯುವಷ್ಟು ನೆಲ್ಲು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ನನ್ನ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಕುಡಗೋಲು, ಕುರ್ಚಿಗಿ, ಈಳಿಗಿ, ಅಡಕೊತ್ತು, ಕುರಿಯವರ ಮಚ್ಚು, ಕ್ಷೌರದ ಕತ್ತಿ, ನನ್ನ ಗಂಡ ಮದುವೆಯಲ್ಲಿ ಹಿಡಿದಿದ್ದ ಕಠಾರಿ ಎಲ್ಲವೂ ಇವೆ. ‘ಮೇಡಂ ಮನೇಲಿ ಕತ್ತಿ-ಕಠಾರಿ ಯಾಕ್ರಿ?’ ಎಂದು ಕೇಳದವರೇ ಇಲ್ಲ. ಪ್ರಶ್ನೆ ಸಣ್ಣದಲ್ಲ. ಮನುಷ್ಯನಿಗೆ ಅಲಗಿನ ಮೇಲೆ ಈ ಸೆಳೆತ ಯಾಕೆ ಎಂಬುದನ್ನು ನಾನು ಬಹಳ ವರ್ಷ ಯೋಚಿಸಿದ್ದೇನೆ.

ಉತ್ತರ ಹುಡುಕಲು ನಮ್ಮ ತಾಲ್ಲೂಕು ಬಿಟ್ಟು ಹೋಗಬೇಕಾಗಿಲ್ಲ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ನೆಲೆ ಬೆಳಕಿಗೆ ಬಂತು. ಬಂಡೆಗಳ ನಡುವೆ ಗುಡಿಸಲು ಹಾಕಿ, ದನ ಸಾಕಿ ಬದುಕಿದ್ದ ಜನ. ನುಣುಪು ಮಾಡಿದ ಕಲ್ಲಿನ ಕೊಡಲಿ, ಬೆರಳುದ್ದದ ಕಲ್ಲಿನ ಅಲಗು ಅವರ ಸಾಮಾನು. ಬಳ್ಳಾರಿ ಪೇಟೆಗೆ ಅಂಟಿಕೊಂಡಂತಿರುವ ಸಂಗನಕಲ್ಲಿನದು ಇನ್ನೂ ದೊಡ್ಡ ಕಥೆ. ಅಲ್ಲಿಯ ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟ್ ಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಆ ಕಲ್ಲನ್ನು ಒಡೆದು, ಕೆತ್ತಿ, ಬಂಡೆಗೆ ಉಜ್ಜಿ ಕೊಡಲಿ ಮಾಡುವ ಕೆಲಸ ಕಾರ್ಖಾನೆಯ ಮಟ್ಟದಲ್ಲಿ ನಡೆದಿತ್ತು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತಗ್ಗುಗಳು ಇಂದಿಗೂ ಇವೆ. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ಜಾಗದ ಮಹತ್ವ ಗುರುತಿಸಿದ್ದ. ಬಳ್ಳಾರಿಯ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಅವನ ಹೆಸರೇ ಇದೆ. ಓದುಗರು ಒಮ್ಮೆ ಹೋಗಿ ಆ ಕೊಡಲಿಗಳನ್ನು ನೋಡಬೇಕು. ಕಲ್ಲಿಗೆ ಕಲ್ಲು ಉಜ್ಜಿ ಅಂಥ ಬಾಯಿ ತರಿಸಲು ಗಂಟೆಗಟ್ಟಲೆ ಕೂತು ತಿಕ್ಕಬೇಕು, ನೀರು ಹಾಕಬೇಕು, ಮರಳು ಹಾಕಬೇಕು, ಮತ್ತೆ ತಿಕ್ಕಬೇಕು. ಅಷ್ಟು ಹೊತ್ತು ತಿಕ್ಕಿದವನು ಅದನ್ನು ಸುಮ್ಮನೆ ಮೂಲೆಗೆ ಎಸೆದಿದ್ದನೆಂದು ನಾನು ನಂಬಲಾರೆ.

ಇನ್ನೂ ಹಿಂದಕ್ಕೆ ಹೋದರೆ ಸುರಪುರದ ಕಡೆಯ ಇಸಾಂಪುರ. ಕೆ. ಪದ್ದಯ್ಯ ಅಲ್ಲಿ ಅಗೆದಾಗ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ನಮ್ಮಂಥ ಮನುಷ್ಯರು ಹುಟ್ಟುವ ಮೊದಲೇ ಅಲಗು ಹುಟ್ಟಿತ್ತು.

ನಮ್ಮ ದೇಹದಲ್ಲಿ ಹರಿತವಾದದ್ದು ಯಾವುದೂ ಇಲ್ಲ. ಉಗುರು ಮೆತ್ತಗೆ, ಹಲ್ಲು ಮೊಂಡು. ಹಸಿ ಚರ್ಮ ಸೀಳಲು, ನಾರು ಕೊಯ್ಯಲು ಕೈಯಿಂದ ಆಗುವುದಿಲ್ಲ. ಅಲಗು ಮಾಡುವ ಕೆಲಸ ತೀರ ಸರಳ: ನಮ್ಮ ತೋಳಿನ ಬಲವನ್ನೆಲ್ಲ ಒಂದು ಗೆರೆಯ ಮೇಲೆ ತಂದು ನಿಲ್ಲಿಸುವುದು. ಚೆನ್ನಾಗಿ ಸಾಣೆ ಹಿಡಿದ ಬಾಯಿಯ ದಪ್ಪ ಒಂದು ಮೈಕ್ರಾನಿನ ಆಸುಪಾಸು. ತಲೆಗೂದಲು ಅದಕ್ಕಿಂತ 50 ಪಟ್ಟಾದರೂ ದಪ್ಪ. ಜಾಗ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. ಈ ಸೂತ್ರವನ್ನು ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆಮೇಲೆ ಟೊಮೆಟೊ ತರಿಸಿ, ಮೊಂಡು ಚಾಕುವಿನಿಂದ ಒಮ್ಮೆ, ಹರಿತವಾದದ್ದರಿಂದ ಒಮ್ಮೆ ಕೊಯ್ಯಿಸುತ್ತಿದ್ದೆ. ಹರಿತವಾದದ್ದು ತಾನಾಗಿ ಇಳಿದಾಗ ಮಕ್ಕಳ ಮುಖದಲ್ಲಿ ಮೂಡುತ್ತಿದ್ದ ಸಂತೋಷವಿದೆಯಲ್ಲ, ಈ ಲೇಖನದ ಅರ್ಧ ಉತ್ತರ ಅದರಲ್ಲೇ ಇದೆ. ಸಣ್ಣ ಕೈಗೆ ದೊಡ್ಡ ಕೆಲಸ ಸಾಧ್ಯವಾಗುವ ಸಂತೋಷ ಅದು.

ಇನ್ನರ್ಧವನ್ನು ಜಪಾನಿನ ಒಂದು ಪ್ರಯೋಗ ಹೇಳುತ್ತದೆ. ಅಟ್ಸುಶಿ ಇರಿಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ್ದು. ಕೋತಿಗಳಿಗೆ ಸಣ್ಣ ಕುಂಟೆಗೋಲು ಕೊಟ್ಟು, ದೂರದ ತಿಂಡಿಯನ್ನು ಅದರಿಂದ ಎಳೆದುಕೊಳ್ಳಲು ಕಲಿಸಿದರು. ಕೈಯ ಸುತ್ತಲಿನ ಜಾಗವನ್ನು ಗಮನಿಸುವ ಮಿದುಳಿನ ಕೋಶಗಳು ಕೋಲು ಬಳಸಿದ ಮೇಲೆ ಕೋಲಿನ ತುದಿಯವರೆಗಿನ ಜಾಗಕ್ಕೂ ಸ್ಪಂದಿಸತೊಡಗಿದವು. ಕೋತಿಯ ಮಿದುಳಿನ ಮಟ್ಟಿಗೆ ಕೋಲು ಕೈಯೇ ಆಗಿತ್ತು. ಆದರೆ ಕೆಲಸ ನಿಲ್ಲಿಸಿ ಕೋಲನ್ನು ಸುಮ್ಮನೆ ಹಿಡಿದು ಕೂತಾಗ ಆ ವಿಸ್ತಾರ ಮತ್ತೆ ಕುಗ್ಗಿತು. ಬಳಸಿದರೆ ಮಾತ್ರ ಅದು ನಮ್ಮ ಮೈಯ ಭಾಗ. ಈ ಕೊನೆಯ ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ನಮ್ಮೂರ ಕಮ್ಮಾರ ಕಾಕಾ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದಾರೆ; ಆ ಮಾತು ಮುಂದೆ ಬರುತ್ತದೆ.

ಕಾಕಾನ ಕುಲುಮೆಯಲ್ಲಿ ಕುಡಗೋಲು ಹುಟ್ಟುವುದು ಲಾರಿಯ ಕಮಾನು ಪಟ್ಟಿಯಿಂದ. ಬಳ್ಳಾರಿ, ಸಂಡೂರಿನ ಅದಿರು ಹೊತ್ತು ಓಡಾಡಿ ಮುರಿದ ಲಾರಿಗಳ ಪಟ್ಟಿ ಗುಜರಿಗೆ ಬರುತ್ತದೆ, ಅದರಲ್ಲಿ ಶೇ. 0.6ರ ಹತ್ತಿರ ಇಂಗಾಲವಿರುವುದರಿಂದ ಬಾಯಿ ಚೆನ್ನಾಗಿ ನಿಲ್ಲುತ್ತದೆ. ಕಾಕಾ ಇಂಗಾಲದ ಲೆಕ್ಕ ಹಾಕುವುದಿಲ್ಲ, ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಬಡಿದು ಬರುವ ನಾದ ಕೇಳುತ್ತಾರೆ. ತಿದಿ ಒತ್ತಿ, ಬಳ್ಳಾರಿ ಜಾಲಿಯ ಇದ್ದಿಲು ಕೆಂಡವಾದ ಮೇಲೆ ಪಟ್ಟಿಯನ್ನು ಒಳಗಿಡುತ್ತಾರೆ. ಅದು ಒಂದು ಹದದ ಕೆಂಪಿಗೆ ಬರಬೇಕು. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಒಮ್ಮೆ ಆಯಸ್ಕಾಂತ ಒಯ್ದು ಪರೀಕ್ಷಿಸಿದೆ, ಕಾಕಾನ ಕಣ್ಣಿನ ಅಂದಾಜು ಆ ಮಟ್ಟಕ್ಕೇ ಬಂದಿತ್ತು. ಬಡಿದು ಬಾಗಿಸಿ ರೂಪ ಕೊಟ್ಟ ಮೇಲೆ ಬಾಯಿಯನ್ನು ಮಾತ್ರ ನೀರಿಗಿಳಿಸುತ್ತಾರೆ. ಹಾಗೆ ತಟ್ಟನೆ ತಣಿದ ಉಕ್ಕು ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಗುಣವೂ ಬರುತ್ತದೆ. ಅದಕ್ಕೇ ತಕ್ಷಣ ಹೊರತೆಗೆದು ಬಾಯಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಮಾಡಿ ನೋಡುತ್ತಾ ಕೂರುತ್ತಾರೆ. ಬೆನ್ನಿನಲ್ಲಿ ಉಳಿದ ಶಾಖ ನಿಧಾನಕ್ಕೆ ಬಾಯಿಯ ಕಡೆಗೆ ಹರಿಯುತ್ತದೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಬೇಕಾದ ಬಣ್ಣ ಬಂದ ಗಳಿಗೆಯಲ್ಲಿ ಮತ್ತೆ ನೀರಿಗೆ. ಗಡಸುತನವೂ ಉಳಿಯಿತು, ಒಡೆಯುವುದೂ ತಪ್ಪಿತು. ಈ ಆಟ ನಡೆಯುವುದು ಎರಡು–ಮೂರು ನೂರು ಡಿಗ್ರಿಗಳ ನಡುವೆ. ಈ ಹದ ಕಾಣುವ ಕಣ್ಣು ನಮ್ಮ ನಾಡಿನಲ್ಲಿ ಹಳೆಯದು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಸೌದೆ-ಸೊಪ್ಪು ಇಟ್ಟು, ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತುವಾಗ ಬರೆದಿಟ್ಟ. ದಕ್ಷಿಣ ಭಾರತದ ಅಂಥ ಉಕ್ಕಿನ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯೇ 1819ರಲ್ಲಿ ಪ್ರಯೋಗ ಮಾಡಿದ.

ನೆಲ್ಲು ಕೊಯ್ಯುವ ಕುಡಗೋಲಿಗೆ ಹಲ್ಲು ಬೇಕು. ನೆಲ್ಲಿನ ಹುಲ್ಲಿನಲ್ಲಿ ಮರಳಿನದೇ ಅಂಶವಾದ ಸಿಲಿಕಾ ತುಂಬಿರುತ್ತದೆ. ನುಣುಪು ಬಾಯಿ ಬೇಗ ಮೊಂಡಾಗುತ್ತದೆ, ಹಲ್ಲು ಇದ್ದರೆ ಗರಗಸದಂತೆ ಎಳೆದು ಕೊಯ್ಯುತ್ತದೆ. ಸುಗ್ಗಿಗೆ ಮೊದಲು ಊರಿನ ಹೆಣ್ಣುಮಕ್ಕಳೆಲ್ಲ ಹಲ್ಲು ಹಾಕಿಸಲು ಕುಲುಮೆಯ ಮುಂದೆ ಕೂರುತ್ತಿದ್ದರು. ನನ್ನ ಅವ್ವನೂ ಕೂರುತ್ತಿದ್ದಳು. ಕಚ್ಚೆ ಬಿಗಿದು, ಕುಡಗೋಲನ್ನು ನಡುವಿಗೆ ಸಿಗಿಸಿಕೊಂಡು, ಬುತ್ತಿ ಹೊತ್ತು ನಸುಕಿಗೇ ಹೊರಡುತ್ತಿದ್ದಳು. ಬೇರೆಯವರ ಕುಡಗೋಲು ಮುಟ್ಟುತ್ತಿರಲಿಲ್ಲ, ತನ್ನದನ್ನು ಮುಟ್ಟಗೊಡುತ್ತಿರಲಿಲ್ಲ. ಹಿಡಿ ಅವಳ ಅಂಗೈಗೆ ತಕ್ಕಂತೆ ಸವೆದಿತ್ತು. ದಾರಿಯಲ್ಲಿ ಹಾವು ಬರಲಿ, ಕುಡುಕ ಅಡ್ಡಗಟ್ಟಲಿ, ಅವಳು ಹೆದರಿದ್ದನ್ನು ನಾನು ಕಂಡಿಲ್ಲ. ಅದನ್ನು ಅವಳು ಯಾರ ಮೇಲೂ ಎತ್ತಲಿಲ್ಲ. ಎತ್ತುವ ಯೋಚನೆಯೇ ಅವಳಿಗೆ ಬಂದಿರಲಾರದು. ಚಾಕು ಇಟ್ಟುಕೊಂಡು ಓಡಾಡುವವರು ಎಂದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಈ ಹೆಂಗಸರ ಸಾಲು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ದಿನವೂ ಅಲಗು ಹೊತ್ತು ನಡೆದವರನ್ನು ಯಾವ ಇತಿಹಾಸವೂ ಯೋಧರೆಂದು ಎಣಿಸಿಲ್ಲ.

ಇತಿಹಾಸ ಎಣಿಸಿದ್ದು ಇನ್ನೊಂದು ಸಾಲನ್ನು. ವಿಜಯನಗರದ ಸಾಳುವ ನರಸಿಂಹನಿಗೆ ‘ಕಠಾರಿ ಸಾಳುವ’ ಎಂಬ ಬಿರುದು. ನಮ್ಮ ಕಡೆಯ ವೀರಗಲ್ಲುಗಳಲ್ಲಿ ವೀರನ ಕೈಯಲ್ಲಿ ಸುರಗಿ, ಕತ್ತಿ. ಕಠಾರಿಯ ರಚನೆಯೇ ಬೇರೆ: ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡಹಿಡಿ, ಮುಷ್ಟಿ ಬಿಗಿದರೆ ಅಲಗು ಮುಂಗೈಯ ನೇರಕ್ಕೆ ಚಾಚುತ್ತದೆ. ಮೂಲತಃ ಕವಚ ಸೀಳುವ ಆಯುಧ. ಕಾಲ ಕಳೆದಂತೆ ಚಿನ್ನದ ಕೆಲಸ, ಹೂಬಳ್ಳಿ, ಯಾಳಿ ಮುಖಗಳು ಅದರ ಮೇಲೆ ಬಂದು, ಸೊಂಟದಲ್ಲಿ ಕಾಣುವಂತೆ ಸಿಗಿಸಿಕೊಳ್ಳುವ ಮರ್ಯಾದೆಯ ಗುರುತಾಯಿತು. ಮದುಮಗನ ಕೈಯಲ್ಲಿರುವುದು ಅದೇ ಮರ್ಯಾದೆಯ ಉಳಿಕೆ. ಮದುವೆಯ ದಿನ ಅವನು ರಾಜ.

ಈ ಮರ್ಯಾದೆಯನ್ನು ಇವತ್ತಿಗೂ ಮೈಮೇಲೆ ಹೊತ್ತವರು ಕೊಡವರು. ಕುಪ್ಯದ ಮೇಲೆ ಕೆಂಪು ಚೇಲೆ ಬಿಗಿದು, ಮುಂದೆ ಬೆಳ್ಳಿ ಸರಪಳಿಯ ಪೀಚೆಕತ್ತಿ, ಹಿಂದೆ ತೊಡಂಗಿನಲ್ಲಿ ಅಗಲವಾದ ಒಡಿಕತ್ತಿ. ಮದುವೆಯಲ್ಲಿ ಒಡಿಕತ್ತಿ ಕೆಲಸ ಮಾಡುವುದು ಬಾಳೆಕಂಬ ಕಡಿಯಲು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್‌ನಲ್ಲಿ ಆಯುಧಗಳಿಗೆ ತೋಕ್‌ಪೂ ಇಟ್ಟು ಪೂಜಿಸುತ್ತಾರೆ. ಗದ್ದೆ ಕೆಲಸದ ಕಾಲ ಬೇರೆ, ಆಯುಧದ ಕಾಲ ಬೇರೆ ಎಂದು ವರ್ಷವನ್ನೇ ಹಂಚಿಕೊಂಡ ಜನ ಅವರು. ಸಿಖ್ಖರ ಕಿರ್ಪಾಣವೂ ಇಂಥದ್ದೇ ಕಟ್ಟುಪಾಡಿನ ಅಲಗು. ಅದನ್ನು ಧರಿಸುವುದು ಅವರ ಧರ್ಮದ ಭಾಗ ಎಂದು ನಮ್ಮ ಸಂವಿಧಾನದ 25ನೇ ವಿಧಿಯೇ ವಿವರಿಸುತ್ತದೆ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ಎದ್ದು ನಿಂತ ಐವರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರಿನವರು. ಇಲ್ಲೆಲ್ಲ ಅಲಗು ಒಬ್ಬಂಟಿಯಾಗಿ ಬರುವುದಿಲ್ಲ. ಯಾವಾಗ ಹಿರಿಯಬೇಕು, ಯಾವಾಗ ಹಿರಿಯಬಾರದು ಎಂಬ ಕಟ್ಟಳೆ ಜೊತೆಗೇ ಬರುತ್ತದೆ. ಸಣ್ಣ ಮಟ್ಟದಲ್ಲಿ ನಮ್ಮ ಅಡಿಗೆಮನೆಯಲ್ಲೂ ಅದು ಇದೆ: ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಜಗಳವಾಗುತ್ತದೆ ಎನ್ನುತ್ತಾರೆ. ಬೆರಳು ಉಳಿಯುತ್ತದೆ ಎಂಬುದಂತೂ ಖಂಡಿತ.

ಕಟ್ಟಳೆಯಿಲ್ಲದೆ ಬರಿ ಅಲಗು ಬಂದಾಗ ಏನಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ಹತ್ತನೇ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಬಟನ್ ಚಾಕು ಸಿಕ್ಕಿತ್ತು. ಜಾತ್ರೆಯಲ್ಲಿ ಕೊಂಡದ್ದು. ಒಳ್ಳೆಯ ಹುಡುಗ, ಲೆಕ್ಕದಲ್ಲಿ ಚುರುಕು. ಸ್ಟಾಫ್ ರೂಮಿಗೆ ಕರೆದು ಕೂರಿಸಿ, ಬೈಯದೆ ಕೇಳಿದೆ. ಬಹಳ ಹೊತ್ತಿನ ಮೇಲೆ, ‘ಇದು ಇದ್ರ ಧೈರ್ಯ ಇರತೈತ್ರೀ ಮೇಡಂ’ ಅಂದ. ದಾರಿಯಲ್ಲಿ ದೊಡ್ಡ ಹುಡುಗರು ಅವನನ್ನು ಹಿಡಿದು ಸತಾಯಿಸುತ್ತಿದ್ದರು. ಅವನು ಯಾರನ್ನೂ ಇರಿಯಲು ಹೊರಟವನಲ್ಲ. ಅವನ ಕೈ ಅವನಿಗೆ ಸಾಕಾಗಿರಲಿಲ್ಲ, ಅಷ್ಟೆ. ನನ್ನ ಅವ್ವನ ನಡುವಿನ ಕುಡಗೋಲಿಗೂ ಅವನ ಚೀಲದ ಚಾಕುವಿಗೂ ಸೆಳೆತ ಒಂದೇ ಎಂದು ನನಗೆ ಆಗ ಹೊಳೆಯಿತು. ಅವ್ವನ ಕೈಗೆ ದಿನವಿಡೀ ಅದರ ಕೆಲಸವಿತ್ತು. ಅವನ ಕೈಗೆ ಭಯ ಬಿಟ್ಟು ಬೇರೇನೂ ಇರಲಿಲ್ಲ. ನಾವು ಹಿರಿಯರು ಆ ದೊಡ್ಡ ಹುಡುಗರನ್ನು ಕರೆಸಿ, ಅವರ ಮನೆಯವರನ್ನೂ ಕರೆಸಿ ಮಾತಾಡಿದೆವು. ಚಾಕು ಕಸಿದುಕೊಳ್ಳುವುದು ಸುಲಭ. ಭಯದ ಬೇರು ಕೀಳದೆ ಕಸಿದುಕೊಂಡರೆ ನಾಳೆ ಇನ್ನೊಂದು ಬರುತ್ತದೆ.

ಆ ಹುಡುಗನಿಗೆ ನಾನು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ತಳ್ಳಾಟದಲ್ಲಿ ತೆಗೆದ ಚಾಕು ಹಿಡಿದವನ ಬೆರಳನ್ನೇ ಮೊದಲು ಕೊಯ್ಯುತ್ತದೆ. ಸಣ್ಣ ಚಾಕುವಿಗೆ ಹಿಡಿ–ಅಲಗಿನ ನಡುವೆ ತಡೆ ಇರುವುದಿಲ್ಲ, ಬೆವರಿದ ಕೈ ಜಾರಿ ಮುಂದೆ ಹೋಗುತ್ತದೆ. ಕೈಯಲ್ಲಿ ಚಾಕು ಕಂಡ ಎದುರಾಳಿ ಓಡುವುದೇ ಹೆಚ್ಚೆಂದು ಸಿನಿಮಾ ಕಲಿಸಿದೆ. ಬೀದಿಯಲ್ಲಿ ಅವನು ಕಲ್ಲು ಎತ್ತುತ್ತಾನೆ. 1995ರಲ್ಲಿ ‘ಓಂ’, 2005ರಲ್ಲಿ ‘ಜೋಗಿ’ ಬಂದವು. ಅಲ್ಲಿಂದ ಮುಂದೆ ಲಾಂಗು, ಮಚ್ಚು ನಮ್ಮ ಪೋಸ್ಟರುಗಳ ಕಾಯಂ ಒಡವೆ. ‘ಓಂ’ ಮುಗಿಯುವಷ್ಟರಲ್ಲಿ ಲಾಂಗು ಏನನ್ನೆಲ್ಲ ಕಸಿದುಕೊಂಡಿತು ಎಂಬುದನ್ನೂ ಚಿತ್ರ ತೋರಿಸುತ್ತದೆ, ಆದರೆ ಪೋಸ್ಟರಿನಲ್ಲಿ ಅದು ಹಿಡಿಸುವುದಿಲ್ಲ. ಈಗ ಲಾಂಗು ಹಿಡಿದು ರೀಲ್ ಮಾಡಿ ಪೊಲೀಸ್ ಠಾಣೆ ಹತ್ತಿದವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಿದೆ.

ಕಾನೂನನ್ನೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಕತ್ತಿ, ಕಠಾರಿ, ಈಟಿ, ಹಾಗೂ ಅಲಗು 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲ ಇರುವ ಚಾಕು-ಮಚ್ಚುಗಳು ಆಯುಧಗಳ ಪಟ್ಟಿಯಲ್ಲಿ ಬರುತ್ತವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅವಕ್ಕೆ ಪರವಾನಗಿ ಬೇಕು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದವು ಈ ಪಟ್ಟಿಯಿಂದ ಹೊರಗೆ. ಕಾನೂನು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಇದು ಯಾವ ಕೆಲಸಕ್ಕೆ?

ಕೂಡಿಡುವವರ ಲೋಕದಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಮಲಗುಕೋಣೆಯ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಜನರಲ್ ಬೇರ್ಡನಿಗೆ ಸಂದಿದ್ದ ಖಡ್ಗ. ಅಷ್ಟು ಹಣ ಕೊಟ್ಟವರು ಉಕ್ಕಿಗೆ ಕೊಡಲಿಲ್ಲ, ಆ ಹಿಡಿಯನ್ನು ಹಿಡಿದ ಕೈಗೆ ಕೊಟ್ಟರು. ಅದು ನನಗೆ ಅರ್ಥವಾಗುತ್ತದೆ. ಅಮೆರಿಕದಲ್ಲಿರುವ ನನ್ನ ತಮ್ಮನ ಮಗನೂ ಮಡಚುವ ಚಾಕುಗಳನ್ನು ಕೂಡಿಹಾಕಿದ್ದಾನೆ. ವೀಡಿಯೊ ಕರೆಯಲ್ಲಿ ಒಂದೊಂದನ್ನೇ ತೆರೆದು ಮುಚ್ಚಿ ತೋರಿಸುತ್ತಾನೆ. ಬೀಗ ಕೂರುವ ಸದ್ದು, ಹಿಡಿಯ ಮರ, ಉಕ್ಕಿನ ಜಾತಿ ಎಲ್ಲ ಬಾಯಿಪಾಠ. ಅವನು ದಿನವಿಡೀ ಮಾಡುವ ಕೆಲಸದಲ್ಲಿ ಕೈಯಿಂದ ಮುಟ್ಟುವಂಥದ್ದು ಏನೂ ಇಲ್ಲ. ಚಾಕು ಹಿಡಿದಾಗ ಕೈಗೆ ತಾನು ಕೈ ಎಂಬುದು ನೆನಪಾಗುತ್ತದೆ ಅಂತ ನನಗನ್ನಿಸುತ್ತದೆ. ಅವನ ಮೋಹವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಪೆಟ್ಟಿಗೆಯ ಬಹುಪಾಲು ಚಾಕುಗಳು ಒಂದು ಹಣ್ಣನ್ನೂ ಕೊಯ್ದಿಲ್ಲ, ಅದು ನನಗೆ ಕಸಿವಿಸಿ.

ನನ್ನ ಟ್ರಂಕಿನ ವಸ್ತುಗಳಿಗೆ ನಾನು ಒಂದೊಂದು ಚೀಟಿ ಕಟ್ಟಿದ್ದೇನೆ: ಯಾರು ಮಾಡಿದ್ದು, ಯಾರು ಬಳಸಿದ್ದು, ಯಾವ ಕೆಲಸಕ್ಕೆ. ನಮ್ಮ ಗದ್ದೆಗಳಿಗೆ ಕೊಯ್ಯುವ ಮಶೀನು ಬಂದ ಮೇಲೆ ಕುಡಗೋಲುಗಳು ಗುಜರಿಗೆ ಹೋಗತೊಡಗಿದವು. ಹಾಗೆ ಹೋಗುವುದನ್ನು ತಡೆಯುತ್ತಾ ಈ ಸಂಗ್ರಹ ಬೆಳೆಯಿತು. ಒಮ್ಮೆ ಕಾಕಾನ ಹತ್ತಿರ ಹಳೇ ಪದ್ಧತಿಯ ಹೊಸ ಕುಡಗೋಲೊಂದನ್ನು ಕೇಳಿದೆ, ಟ್ರಂಕಿನಲ್ಲಿಡಲು. ‘ಇಡಾಕಂದ್ರ ಮಾಡಂಗಿಲ್ಲ ಯವ್ವಾ, ಕೊಯ್ಯಾಕಂದ್ರ ಮಾಡತೀನಿ’ ಎಂದರು. ಮಶೀನು ತಿರುಗಲಾರದ ಮೂಲೆಗಳು, ಮಳೆಗಾಳಿಗೆ ನೆಲಕ್ಕೆ ಒರಗಿದ ಪೈರು ಇವತ್ತಿಗೂ ಕೈಗೇ ಬೀಳುತ್ತವೆ. ತಮ್ಮನ ಗದ್ದೆಯ ಮೂಲೆ ಕೊಯ್ಯುತ್ತೇನೆಂದು ಮಾತು ಕೊಟ್ಟ ಮೇಲೆಯೇ ಪಟ್ಟಿ ಕೆಂಡಕ್ಕೆ ಹೋಯಿತು. ಮಾತು ಉಳಿಸಿಕೊಂಡೆ, ಸೊಂಟ ಹಿಡಿದುಕೊಂಡಿತು, ಆದರೂ ಮುಗಿಸಿದೆ.

ಈಗ ತಮ್ಮನ ಮಗ ಕೇಳುತ್ತಿದ್ದಾನೆ: ‘ಅತ್ತಿ, ಅಜ್ಜಿ ಕುಡಗೋಲು ನನಗ ಕೊಡ್ತೀಯಾ?’ ಅವನ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಮಾಡಿದ್ದಾನಂತೆ. ಕೊಡುತ್ತೇನೆ ಅಂದಿದ್ದೇನೆ. ಸುಗ್ಗಿಗೆ ಊರಿಗೆ ಬಂದು, ಕಾಕಾನಿಂದ ಹಲ್ಲು ಹಾಕಿಸಿ, ಗದ್ದೆಯ ಒಂದು ಮೂಲೆ ತಾನೇ ಕೊಯ್ಯಬೇಕು. ರಜೆ ಹಾಕುತ್ತೇನೆ ಅಂದಿದ್ದಾನೆ. ವಿಮಾನದ ಕೈಚೀಲದಲ್ಲಿ ಅಲಗು ಬಿಡುವುದಿಲ್ಲ, ಒಳಗೆ ಹಾಕುವ ದೊಡ್ಡ ಬ್ಯಾಗಿನಲ್ಲೇ ಹೋಗಬೇಕು. ಔಡಲೆಣ್ಣೆ ಸವರಿ, ಹಳೇ ಧೋತರದಲ್ಲಿ ಸುತ್ತಿ, ಬಾಯಿಗೆ ದಪ್ಪ ರಟ್ಟು ಕಟ್ಟಿ ಕೊಡುತ್ತೇನೆ. ಚೀಟಿ ಬರೆದಾಗಿದೆ, ಅದರಲ್ಲಿ ಅವನ ಅಜ್ಜಿಯ ಹೆಸರಿದೆ. ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದೇನೆ, ಕೊಯ್ದರೆ ಬರೆಯುತ್ತೇನೆ.